ಸ್ಪರ್ಶವನ್ನು ಕೇಳಿ ಕಲಿಯಬೇಕು

ಈ ಪುಟಕ್ಕೆ ಗಂಡಸರು ಬರೆಯುವ ಪತ್ರಗಳಲ್ಲಿ ಗಾತ್ರದ ಚಿಂತೆ, ಶೀಘ್ರಸ್ಖಲನದ ಚಿಂತೆಯೇ ಹೆಚ್ಚು. ಹೆಂಗಸರು ಬರೆಯುವುದು ಕಡಿಮೆ. ಬರೆದರೂ ‘ನಮ್ಮವರನ್ನು ತೃಪ್ತಿಪಡಿಸುವುದು ಹೇಗೆ?’ ಎಂದು ಕೇಳುತ್ತಾರೆ. ತಮಗೆ ಸಿಗಬೇಕಾದ ಸುಖದ ಬಗ್ಗೆ ಹೆಂಗಸರೇ ಕೇಳಿದ, ಹೆಂಡತಿಯ ಸುಖದ ಬಗ್ಗೆ ಗಂಡಂದಿರು ಕೇಳಿದ ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಅಂಗಗಳ ಹೆಸರನ್ನು ಮಾತ್ರ ಎಲ್ಲೂ ಬಿಟ್ಟಿಲ್ಲ. ಹೆಸರು ಹೇಳಲು ನಾಚಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ನನಗೆ 29 ವರ್ಷ, ಮದುವೆಯಾಗಿ ನಾಲ್ಕು ವರ್ಷ. ನಮ್ಮವರು ಒಳ್ಳೆಯವರು. ಆದರೆ ಸಂಭೋಗದಲ್ಲಿ ನನಗೆ ನೋವೂ ಇಲ್ಲ, ಸುಖವೂ ಇಲ್ಲ. ಅವರದು ಮುಗಿಯುವವರೆಗೆ ಸುಮ್ಮನೆ ಮಲಗಿರುತ್ತೇನೆ. ಸ್ನಾನ ಮಾಡುವಾಗ ಮೇಲ್ಭಾಗಕ್ಕೆ ನೀರು ಬಿದ್ದರೆ, ಕೈ ತಗುಲಿದರೆ ಹಿತವಾಗುತ್ತದೆ. ಹಾಗಾದರೆ ನನ್ನ ಒಳಗಿನ ನರ ಸತ್ತಿದೆಯೇ? — ಹಾವೇರಿ ಜಿಲ್ಲೆ

ಯಾವ ನರವೂ ಸತ್ತಿಲ್ಲ ತಾಯಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಸ್ನಾನದ ಮನೆಯಲ್ಲಿ ಹಿತವೆನಿಸಿದ ಆ ಮೇಲ್ಭಾಗವೇ ಹೆಣ್ಣಿನ ಸುಖದ ಮುಖ್ಯ ಅಂಗ. ಅದಕ್ಕೆ ಚಂದ್ರನಾಡಿ ಎನ್ನುತ್ತಾರೆ, ಭಗಾಂಕುರ ಎಂದೂ ಕರೆಯುತ್ತಾರೆ. ಒಳತುಟಿಗಳು ಮೇಲೆ ಬಂದು ಕೂಡುವಲ್ಲಿ, ಮೂತ್ರದ್ವಾರಕ್ಕಿಂತ ಮೇಲೆ, ಚರ್ಮದ ಸಣ್ಣ ಮುಸುಕಿನ ಅಡಿಯಲ್ಲಿ ಅದರ ತುದಿ ಇರುತ್ತದೆ. ಕಣ್ಣಿಗೆ ಕಾಣುವುದು ಆ ತುದಿ ಮಾತ್ರ. ಒಳಗೆ ಅದು ದಂಡವಾಗಿ ಮುಂದುವರಿದು ಎರಡು ಕಾಲುಗಳಾಗಿ ಕವಲೊಡೆಯುತ್ತದೆ. ಯೋನಿಯ ಇಕ್ಕೆಲದಲ್ಲೂ ಅದಕ್ಕೆ ಸೇರಿದ, ರಕ್ತ ತುಂಬಿ ಉಬ್ಬುವ ಅಂಗಾಂಶಗಳಿವೆ. ಆಸ್ಟ್ರೇಲಿಯಾದ ಮೂತ್ರಾಂಗ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ 1998ರಲ್ಲಿ ಇದರ ಪೂರ್ಣ ವಿಸ್ತಾರವನ್ನು ಛೇದನದ ಮೂಲಕ ತೋರಿಸುವವರೆಗೆ ಎಷ್ಟೋ ವೈದ್ಯಕೀಯ ಪಠ್ಯಗಳು ಈ ಅಂಗವನ್ನು ಸರಿಯಾಗಿ ಬರೆದೇ ಇರಲಿಲ್ಲ. ಡಾಕ್ಟರುಗಳೇ ಓದದ್ದನ್ನು ನಿಮ್ಮವರು ತಿಳಿದಿರಬೇಕಿತ್ತು ಎಂದು ಹೇಗೆ ಹೇಳಲಿ?

ಭ್ರೂಣದಲ್ಲಿ ಗಂಡಿನ ಶಿಶ್ನವೂ ಹೆಣ್ಣಿನ ಚಂದ್ರನಾಡಿಯೂ ಬೆಳೆಯುವುದು ಒಂದೇ ಮೊಳಕೆಯಿಂದ. ಅಷ್ಟು ಸಣ್ಣ ಜಾಗಕ್ಕೆ ಬರುವ ನರತಂತುಗಳು ಸರಾಸರಿ ಹತ್ತು ಸಾವಿರಕ್ಕೂ ಹೆಚ್ಚು ಎಂದು ಅಮೆರಿಕದ ಆರೆಗಾನ್‌ನ ಸಂಶೋಧಕರು 2022ರಲ್ಲಿ ಎಣಿಸಿ ತೋರಿಸಿದರು. ಯೋನಿಮಾರ್ಗದ ಒಳಭಾಗದಲ್ಲಿ ಸ್ಪರ್ಶ ತಿಳಿಸುವ ನರಗಳು ತೀರ ಕಡಿಮೆ. ಮುಟ್ಟಿನ ಕಪ್ ಅಥವಾ ಟ್ಯಾಂಪೂನ್ ಒಳಗೆ ಕುಳಿತ ಮೇಲೆ ಇದೆಯೋ ಇಲ್ಲವೋ ಎಂದು ಗೊತ್ತಾಗದಿರುವುದು ಅದಕ್ಕೇ. ಬರೀ ಸಂಭೋಗದಲ್ಲಿ ಶಿಶ್ನ ಓಡಾಡುವುದು ನರ ಕಡಿಮೆ ಇರುವ ಆ ದಾರಿಯಲ್ಲಿ. ನರ ತುಂಬಿರುವ ಜಾಗ ಹೊರಗಡೆ ಮೇಲೆಯೇ ಉಳಿದುಬಿಡುತ್ತದೆ.

ಇಂಡಿಯಾನಾ ವಿಶ್ವವಿದ್ಯಾಲಯದ ಡೆಬಿ ಹರ್ಬೆನಿಕ್ ಮತ್ತು ಸಂಗಡಿಗರು 18ರಿಂದ 94 ವರ್ಷದ 1,055 ಅಮೆರಿಕನ್ ಮಹಿಳೆಯರನ್ನು ಈ ಬಗ್ಗೆ ನೇರವಾಗಿ ಕೇಳಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಂಭೋಗ ಒಂದರಿಂದಲೇ ಸುಖದ ತುದಿ ಮುಟ್ಟುತ್ತೇವೆ ಎಂದವರು ನೂರಕ್ಕೆ ಸುಮಾರು 18 ಮಂದಿ. ಚಂದ್ರನಾಡಿಯ ಸ್ಪರ್ಶ ಬೇಕೇ ಬೇಕು ಎಂದವರು ಸುಮಾರು 37. ಬೇಕೇ ಬೇಕೆಂದಿಲ್ಲ, ಇದ್ದರೆ ಸುಖ ಹೆಚ್ಚು ಎಂದವರು ಇನ್ನೂ 36. ಸಮೀಕ್ಷೆ ಅಮೆರಿಕದ್ದಾದರೂ ಅಂಗರಚನೆಗೆ ಊರಿಲ್ಲ, ಜಾತಿಯಿಲ್ಲ. ನೀವು ಅಲ್ಪಸಂಖ್ಯಾತರಲ್ಲ, ಬಹುಸಂಖ್ಯಾತರು.

ಮೊದಲು ಒಬ್ಬರೇ ಇರುವಾಗ ಸಣ್ಣ ಕನ್ನಡಿ ಹಿಡಿದು ನೋಡಿಕೊಳ್ಳಿ. ನಂತರ ಶುಚಿಯಾದ ಬೆರಳಿನಿಂದ ಯಾವ ಬದಿ, ಎಷ್ಟು ಹಗುರ, ಯಾವ ಲಯ ಎಂದು ನೀವೇ ಕಂಡುಕೊಳ್ಳಿ. ಗೊತ್ತಾದದ್ದನ್ನು ನಿಮ್ಮವರ ಕೈ ಹಿಡಿದು ತೋರಿಸಿ. ಅವರು ಒಳ್ಳೆಯವರು ಎಂದು ನೀವೇ ಬರೆದಿದ್ದೀರಿ. ಒಳ್ಳೆಯವರಿಗೆ ತೋರಿಸಿಕೊಡಲು ಸಂಕೋಚ ಬೇಡ.

ನನಗೆ 34, ಹೆಂಡತಿಗೆ 31. ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು ಮಾಡಲು ಹೋದರೆ ಅವಳು ನನ್ನ ಕೈ ತಳ್ಳಿಬಿಡುತ್ತಾಳೆ. ‘ಉರಿಯುತ್ತೆ’ ಅನ್ನುತ್ತಾಳೆ. ಅವಳಿಗೆ ಸುಖ ಕೊಡಬೇಕೆಂದು ನನಗೆ ನಿಜವಾಗಿ ಆಸೆ ಇದೆ. ಸರಿಯಾದ ವಿಧಾನ ಯಾವುದು? — ಮೈಸೂರು

ನಿಮ್ಮ ಆಸೆಗೆ ಗೌರವ ಸಲ್ಲಿಸಿ ವಿವರವಾಗಿಯೇ ಬರೆಯುತ್ತೇನೆ.

ಮೊಬೈಲಿನ ಆ ದೃಶ್ಯಗಳು ಕ್ಯಾಮೆರಾಗೆ ಕಾಣಲೆಂದು ಮಾಡಿದವು. ಅಲ್ಲಿನ ವೇಗ, ಅಲ್ಲಿನ ಜೋರು ನೋಡುವವರ ಕಣ್ಣಿಗೆ, ಆ ಹೆಣ್ಣಿನ ಮೈಗಲ್ಲ. ಉರಿಯುತ್ತದೆ ಎಂದು ನಿಮ್ಮ ಹೆಂಡತಿ ಹೇಳಿದ್ದನ್ನೇ ಮೊದಲ ಪಾಠವೆಂದು ತಿಳಿಯಿರಿ. ಚಂದ್ರನಾಡಿಯ ತುದಿಗೆ ಒಣ ಬೆರಳು, ಅವಸರದ ಬೆರಳು, ಒರಟು ಬೆರಳು ಮೂರೂ ಆಗದು.

ಹರ್ಬೆನಿಕ್ ಅವರ ಅಧ್ಯಯನದಲ್ಲಿ ಸ್ಪರ್ಶದ ವಿವರವನ್ನೂ ಕೇಳಿದ್ದರು. ಮೇಲೆ ಕೆಳಗೆ ಸವರುವುದು ಇಷ್ಟ ಎಂದವರು ನೂರಕ್ಕೆ ಅರವತ್ತಕ್ಕೂ ಹೆಚ್ಚು, ವೃತ್ತಾಕಾರದ ಚಲನೆ ಇಷ್ಟ ಎಂದವರು ಸುಮಾರು ಅರ್ಧ, ಎಡಕ್ಕೂ ಬಲಕ್ಕೂ ಎಂದವರು ಮೂವತ್ತರ ಆಸುಪಾಸು. ಒಬ್ಬರೇ ಎರಡು ಮೂರು ಬಗೆಯನ್ನು ಹೇಳಿದ್ದೂ ಉಂಟು. ಹೆಚ್ಚಿನವರು ಬಯಸಿದ್ದು ಹಗುರ ಅಥವಾ ಮಧ್ಯಮ ಒತ್ತಡ. ಜೋರಾದ ಒತ್ತಡ ಕೇಳಿದವರು ಕಡಿಮೆ. ತುದಿಯ ಮೇಲೆ ನೇರವಾಗಿ ಮುಟ್ಟಿದರೆ ಸಹಿಸದವರು, ಅದರ ಸುತ್ತಮುತ್ತ ಮಾತ್ರ ಮುಟ್ಟಿದರೆ ಸುಖಿಸುವವರು ಕೂಡ ಸಾಕಷ್ಟಿದ್ದರು. ಆದ್ದರಿಂದ ‘ಸರಿಯಾದ ವಿಧಾನ’ ನನ್ನ ಹತ್ತಿರ ಇಲ್ಲ, ನಿಮ್ಮ ಹೆಂಡತಿಯ ಹತ್ತಿರ ಇದೆ. ಅದನ್ನು ಕೇಳುವ ದಾರಿ ಹೇಳಬಲ್ಲೆ.

ಶುರುವಾಗಬೇಕಾದ್ದು ಚಂದ್ರನಾಡಿಯಿಂದ ಅಲ್ಲ. ಹೆಣ್ಣಿನ ಜನನಾಂಗಕ್ಕೆ ರಕ್ತ ತುಂಬಿ, ಒದ್ದೆಯಾಗಿ, ಸ್ಪರ್ಶ ಹಿತವೆನಿಸುವ ಸ್ಥಿತಿಗೆ ಬರಲು ಸಮಯ ಬೇಕು. ಎಷ್ಟೋ ಹೆಂಗಸರಿಗೆ ಹದಿನೈದು ಇಪ್ಪತ್ತು ನಿಮಿಷ, ಕೆಲವರಿಗೆ ಇನ್ನೂ ಹೆಚ್ಚು. ಅದಕ್ಕೆ ಮೊದಲು ಮುಟ್ಟಿದ ಅದೇ ಬೆರಳು ಕಿರಿಕಿರಿ, ನಂತರ ಮುಟ್ಟಿದರೆ ಸುಖ. ಕತ್ತಿನ ಹಿಂಭಾಗ, ಕಿವಿಯ ಕೆಳಗೆ, ಬೆನ್ನುಮೂಳೆಯ ಉದ್ದಕ್ಕೂ, ಮೊಣಕಾಲಿನ ಹಿಂದೆ, ತೊಡೆಯ ಒಳಬದಿ ಹೀಗೆ ನಿಧಾನವಾಗಿ ಬನ್ನಿ. ಅಂಗೈಯಿಂದ ಸವರುವುದು ಒಂದು ಬಗೆ, ಬೆರಳ ತುದಿಯಿಂದ ತಾಕಿಯೂ ತಾಕದಂತೆ ಎಳೆಯುವುದು ಇನ್ನೊಂದು, ಅಂಗೈಯನ್ನು ಒಂದೇ ಕಡೆ ಇಟ್ಟು ಬಿಸಿ ಕೊಡುವುದು ಮತ್ತೊಂದು. ಮೂರನ್ನೂ ಮಾಡಿ ನೋಡಿ, ಅವಳ ಉಸಿರು ಯಾವುದಕ್ಕೆ ಬದಲಾಗುತ್ತದೆ ಎಂದು ಗಮನಿಸಿ. ಸ್ತನದ ವಿಷಯದಲ್ಲಿ ತುಂಬಾ ಗಂಡಸರು ತಪ್ಪುತ್ತಾರೆ. ಸ್ತನದ ಹೊರ ಅಂಚಿನಿಂದ ಸವರುತ್ತ ಬಂದರೆ ಹಿತ, ನೇರವಾಗಿ ತೊಟ್ಟು ಹಿಂಡಿದರೆ ನೋವು. ಮುಟ್ಟಿನ ಮುಂಚಿನ ವಾರದಲ್ಲಿ ಸ್ತನ ಬಿಗಿದು ಮುಟ್ಟಿದರೂ ನೋಯಬಹುದು, ಆಗ ಅಲ್ಲಿಗೆ ಕೈ ಹೋಗುವುದೇ ಬೇಡ.

ಕೆಳಗೆ ಬಂದಾಗ ಮೊದಲು ಬಟ್ಟೆಯ ಮೇಲಿನಿಂದಲೇ, ಇಡೀ ಅಂಗೈಯನ್ನು ಯೋನಿಯ ಮೇಲಿಟ್ಟು ಸುಮ್ಮನಿರಿ. ಅವಳೇ ಸೊಂಟ ಎತ್ತಿ ಒತ್ತಿದರೆ ಎಷ್ಟು ಒತ್ತಡ ಬೇಕೆಂದು ನಿಮಗೆ ತಿಳಿಯುತ್ತದೆ. ಹೊರತುಟಿಗಳನ್ನು ಎರಡು ಬೆರಳ ನಡುವೆ ಸೇರಿಸಿ ಮೆಲ್ಲಗೆ ಒತ್ತಿದರೆ ಚಂದ್ರನಾಡಿಗೆ ನೇರವಾಗಿ ತಾಕದೆಯೂ ಸ್ಪಂದನ ಮುಟ್ಟುತ್ತದೆ. ನಂತರ ಮುಸುಕಿನ ಚರ್ಮದ ಮೇಲಿನಿಂದ, ತುದಿಯ ಎಡಬದಿ, ಬಲಬದಿ, ಮೇಲೆ. ಒಂದು ಬದಿ ಹೆಚ್ಚು ಹಿತವೆನಿಸುವುದು ಸಾಮಾನ್ಯ. ಮುಚ್ಚಿದ ಕಣ್ಣರೆಪ್ಪೆಯ ಮೇಲೆ ಬೆರಳಿಡುವಷ್ಟು ಹಗುರವಾಗಿ ಆರಂಭಿಸಿ, ಅವಳು ಕೇಳಿದರೆ ಮಾತ್ರ ಒತ್ತಡ ಹೆಚ್ಚಿಸಿ. ನಾಲಿಗೆಯ ಸ್ಪರ್ಶ ಹಲವರಿಗೆ ಬೆರಳಿಗಿಂತ ಹಿತ, ಏಕೆಂದರೆ ಅದು ಮೆದು, ಒದ್ದೆ, ಬೆಚ್ಚಗೆ. ಆದರೆ ಇಬ್ಬರಿಗೂ ಮನಸ್ಸಿರಬೇಕು, ಬಾಯಲ್ಲಿ ಹುಣ್ಣು ಇರಬಾರದು.

ಇನ್ನೊಂದು ಮಾತನ್ನು ಗಂಡಸರು ಮನಸ್ಸಿಟ್ಟು ಕೇಳಬೇಕು. ಅವಳು ‘ಹಾಗೇ ಮಾಡಿ’ ಎಂದಾಗ ಹಾಗೇ ಮಾಡಿ. ವೇಗ ಹೆಚ್ಚಿಸಬೇಡಿ, ಒತ್ತಡ ಹೆಚ್ಚಿಸಬೇಡಿ, ಜಾಗ ಬದಲಿಸಬೇಡಿ. ಬಗೆಬಗೆಯ ಸ್ಪರ್ಶ ಶುರುವಿಗೆ ಚೆನ್ನ, ಸುಖದ ತುದಿ ಹತ್ತಿರವಾದಾಗ ಬೇಕಾಗುವುದು ತಪ್ಪದ ಒಂದೇ ಲಯ. ಸುಖದ ತುದಿ ಮುಟ್ಟಿದ ಮೇಲೆ ಚಂದ್ರನಾಡಿಯ ತುದಿ ತೀರ ಸೂಕ್ಷ್ಮವಾಗುತ್ತದೆ. ಆಗ ಕೈ ತೆಗೆಯಿರಿ, ಅಥವಾ ಅಲುಗಾಡಿಸದೆ ಇಟ್ಟುಕೊಳ್ಳಿ. ಕೆಲವರಿಗೆ ಸ್ವಲ್ಪ ಹೊತ್ತಿನ ನಂತರ ಇನ್ನೊಮ್ಮೆ ಬೇಕೆನಿಸಬಹುದು, ಕೆಲವರಿಗೆ ಸಾಕೆನಿಸಬಹುದು.

ಕೇಳುವ ರೀತಿ ಹೇಳುತ್ತೇನೆ. ‘ಹೇಗಿದೆ?’ ಎಂದರೆ ನಮ್ಮ ಹೆಣ್ಣುಮಕ್ಕಳು ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಗಂಡನ ಮನಸ್ಸು ನೋಯಿಸಬಾರದೆಂದು ಕಲಿತು ಬಂದವರು. ಬದಲಿಗೆ ‘ಇದಾ, ಇದಾ?’ ಎಂದು ಎರಡು ಬಗೆಯಲ್ಲಿ ಮುಟ್ಟಿ ಕೇಳಿ. ಎರಡರಲ್ಲಿ ಒಂದು ಆರಿಸುವುದು ಸುಲಭ. ಬಾಯಿಬಿಡಲು ನಾಚಿದರೆ ನಿಮ್ಮ ಕೈಯ ಮೇಲೆ ಅವಳ ಕೈ ಇರಲಿ, ಅವಳೇ ನಡೆಸಲಿ.

ಶುಚಿಯ ಮಾತು. ಉಗುರು ಕತ್ತರಿಸಿ ಅಂಚು ನಯಗೊಳಿಸಿರಬೇಕು. ಕೈ ಸೋಪಿನಿಂದ ತೊಳೆದಿರಬೇಕು. ಹಸಿಮೆಣಸಿನಕಾಯಿ ಹೆಚ್ಚಿದ ದಿನ, ಬ್ಯಾಡಗಿ ಮೆಣಸು ಬಿಡಿಸಿದ ದಿನ ಖಾರ ಬೆರಳಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ, ನೀರಲ್ಲಿ ತೊಳೆದರೂ ಹೋಗದು. ಮೊದಲು ಎಣ್ಣೆ ಹಚ್ಚಿ ಒರೆಸಿ, ನಂತರ ಸೋಪು ಹಾಕಿ, ಆದರೂ ಅನುಮಾನವಿದ್ದರೆ ಆ ದಿನ ಬಿಟ್ಟುಬಿಡಿ. ಗುದದ್ವಾರ ಮುಟ್ಟಿದ ಬೆರಳು ತೊಳೆಯದೆ ಯೋನಿಗೆ ಬರಬಾರದು, ಸೋಂಕು ತಗಲಬಹುದು. ಒದ್ದೆ ಸಾಲದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ನೀರು ಆಧಾರಿತ ಲೂಬ್ರಿಕೆಂಟ್ ಜೆಲ್ ಬಳಸಿ. ನಮ್ಮ ಕಡೆ ಎಲ್ಲರ ಕೈಗೂ ಮೊದಲು ಸಿಗುವುದು ತೆಂಗಿನೆಣ್ಣೆ. ಕಾಂಡೋಮ್ ಬಳಸುವವರು ಅದನ್ನು ಮುಟ್ಟಲೇಬಾರದು, ಎಣ್ಣೆ ತಾಕಿದರೆ ಲೇಟೆಕ್ಸ್ ದುರ್ಬಲವಾಗಿ ಹರಿಯುತ್ತದೆ. ಉಗುಳು ಬೇಗ ಒಣಗುತ್ತದೆ, ಅದನ್ನು ನೆಚ್ಚಬೇಡಿ.

ನನಗೆ 27, ಅವಿವಾಹಿತೆ. ಹಲವು ವರ್ಷಗಳಿಂದ ಬೋರಲು ಮಲಗಿ ದಿಂಬಿಗೆ ಒತ್ತಿಕೊಂಡು ಸುಖ ಪಡೆಯುವ ಅಭ್ಯಾಸವಿದೆ. ಬೇರೆ ಯಾವ ರೀತಿಯಲ್ಲೂ ಆಗುವುದಿಲ್ಲ. ಮದುವೆ ಮಾತುಕತೆ ನಡೆಯುತ್ತಿದೆ. ಗಂಡನಿಗೆ ಗೊತ್ತಾಗುತ್ತದೆಯೇ? ಮಕ್ಕಳಾಗಲು ತೊಂದರೆಯೇ? — ಬೆಂಗಳೂರು

ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾಗಲು ಯಾವ ಗುರುತೂ ಉಳಿಯುವುದಿಲ್ಲ. ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಶ್ಶಕ್ತಿ, ಬಿಳಿಸೆರಗು, ಕಣ್ಣಿನ ಕೆಳಗಿನ ಕಪ್ಪು ಇವುಗಳಲ್ಲಿ ಯಾವುದೂ ಹಸ್ತಮೈಥುನದಿಂದ ಬರುವುದಿಲ್ಲ. ಕನ್ಯಾಪೊರೆಯ ಭಯವನ್ನೂ ಬಿಡಿ. ಆಟ, ವ್ಯಾಯಾಮದಲ್ಲೂ ಅದು ಸಡಿಲಗೊಳ್ಳಬಹುದು, ಕೆಲವರಲ್ಲಿ ಹುಟ್ಟಿನಿಂದಲೇ ತೀರ ಕಡಿಮೆ ಇರುತ್ತದೆ. ಅದನ್ನು ನೋಡಿ ಯಾರ ಚಾರಿತ್ರ್ಯವನ್ನೂ ಅಳೆಯಲಾಗದು. ಅತ್ಯಾಚಾರದ ಪ್ರಕರಣಗಳಲ್ಲಿ ನಡೆಸುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಡೆಸುವವರು ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ನಿಮ್ಮ ಪತ್ರದಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವ ಅಂಶ ಒಂದೇ, ‘ಬೇರೆ ಯಾವ ರೀತಿಯಲ್ಲೂ ಆಗುವುದಿಲ್ಲ’ ಎಂಬುದು. ಜೋರಾದ ಒತ್ತಡ, ಕಾಲು ಬಿಗಿಹಿಡಿಯುವುದು, ಒಂದೇ ಭಂಗಿ. ಇದಕ್ಕೆ ದೇಹ ಒಗ್ಗಿಹೋಗಿದೆ. ತಪ್ಪೇನಿಲ್ಲ, ಆದರೆ ಸಂಗಾತಿಯ ಕೈಯಲ್ಲಿ ಅದೇ ಒತ್ತಡ ಸಿಗುವುದು ಕಷ್ಟ. ಹಾಗಾಗಿ ಈಗಲೇ ದಾರಿ ಹಿಗ್ಗಿಸಿಕೊಳ್ಳಿ. ಅಂಗಾತ ಮಲಗಿ, ಕಾಲು ಸಡಿಲ ಬಿಟ್ಟು, ಬೆರಳಿನಿಂದ ಹಗುರವಾಗಿ ಶುರುಮಾಡಿ. ಆಗದಿದ್ದರೆ ಕೊನೆಯ ಹಂತಕ್ಕೆ ಹಳೆಯ ರೀತಿಗೇ ಹೋಗಿ. ದಿನ ಕಳೆದಂತೆ ಹೊಸ ರೀತಿಯಲ್ಲಿ ಇರುವ ಹೊತ್ತನ್ನು ಹೆಚ್ಚಿಸಿ. ವಾರಗಳು ಹಿಡಿಯಬಹುದು. ಗುರಿ ಮುಟ್ಟಲೇಬೇಕೆಂಬ ಹಟ ಬೇಡ, ಹಟ ಬಂದ ಕೂಡಲೇ ಮೈ ಬಿಗಿಯುತ್ತದೆ. ಕಂಪನದ ಮಸಾಜರ್ ಬಗ್ಗೆಯೂ ಕೆಲವರು ಕೇಳಿದ್ದಾರೆ. ಮೈ ಮಸಾಜ್ ಮಾಡುವ ಉಪಕರಣಗಳನ್ನು ಅಶ್ಲೀಲ ವಸ್ತುವೆಂದು ಕಸ್ಟಮ್ಸ್ ತಡೆದದ್ದು ಸರಿಯಲ್ಲ ಎಂಬ ತೀರ್ಪನ್ನು ಬಾಂಬೆ ಹೈಕೋರ್ಟ್ 2024ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಬಳಸುವವರು ಕಡಿಮೆ ವೇಗದಲ್ಲಿ ಬಳಸಲಿ, ತೊಳೆದಿಡಲಿ, ಬೇರೆಯವರೊಂದಿಗೆ ಹಂಚಿಕೊಳ್ಳದಿರಲಿ. ಹೊತ್ತುಗಟ್ಟಲೆ ಬಳಸಿದ ಮೇಲೆ ಜೋಮು ಹಿಡಿದಂತಾದರೆ ಅದು ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ.

ನನಗೆ 52. ಮುಟ್ಟು ನಿಂತು ಎರಡು ವರ್ಷ. ಮೊದಲು ಹಿತವಾಗಿದ್ದ ಸ್ಪರ್ಶವೇ ಈಗ ಚುರ್ ಎನ್ನುತ್ತದೆ. ‘ಈ ವಯಸ್ಸಲ್ಲಿ ಇನ್ನೇನು’ ಎಂದು ಸುಮ್ಮನಾಗಬೇಕೆ? — ಶಿವಮೊಗ್ಗ

ಸುಮ್ಮನಾಗಬೇಡಿ. ಈಸ್ಟ್ರೋಜನ್ ಕಡಿಮೆಯಾದಾಗ ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ, ಮೂತ್ರ ಮಾಡುವಾಗಲೂ ಉರಿಯಬಹುದು. ಇದು ಚಿಕಿತ್ಸೆಯಿರುವ ಸ್ಥಿತಿ. ವಾರಕ್ಕೆ ಎರಡು ಮೂರು ಸಲ ಹಚ್ಚುವ ಯೋನಿ ಮಾಯಿಶ್ಚರೈಸರ್, ಸಮಾಗಮದ ಹೊತ್ತಿಗೆ ಲೂಬ್ರಿಕೆಂಟ್, ಇವು ಸಾಲದಿದ್ದರೆ ಸ್ತ್ರೀರೋಗ ತಜ್ಞರು ಬರೆದುಕೊಡುವ ಈಸ್ಟ್ರೋಜನ್ ಕ್ರೀಮ್. ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಆ ಕ್ರೀಮ್ ಬಗ್ಗೆ ವೈದ್ಯರೊಂದಿಗೆ ಮೊದಲೇ ಮಾತಾಡಬೇಕು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಿ. ಸೋಪು, ಸುವಾಸನೆಯ ವಾಶ್‌ಗಳನ್ನು ಯೋನಿಯ ಒಳಗೆ ಬಳಸಬೇಡಿ, ಹೊರಗೂ ಬರೀ ನೀರು ಸಾಕು.

ಸ್ಪರ್ಶವೂ ಈಗ ಬದಲಾಗಬೇಕು. ಮೂವತ್ತರಲ್ಲಿ ಐದು ನಿಮಿಷ ಸಾಕಾಗಿದ್ದಲ್ಲಿ ಈಗ ಅರ್ಧ ಗಂಟೆ ಬೇಕಾಗಬಹುದು. ಚಂದ್ರನಾಡಿಯ ಮೇಲೆ ನೇರ ಸ್ಪರ್ಶ ಚುರುಗುಟ್ಟಿದರೆ ಮುಸುಕಿನ ಮೇಲಿನಿಂದ, ತುಟಿಗಳ ಮೇಲಿನಿಂದ, ಜೆಲ್ ಹಚ್ಚಿದ ಅಂಗೈಯಿಂದ ಮುಟ್ಟಲಿ. ಕೆಲವರಿಗೆ ಇದಕ್ಕೆ ವಿರುದ್ಧವಾಗಿ ಸಂವೇದನೆ ಮಂದವಾಗುತ್ತದೆ, ಅವರಿಗೆ ಕಂಪನ ನೆರವಾಗುತ್ತದೆ. ಎಷ್ಟೋ ದಂಪತಿಗಳು ಈ ವಯಸ್ಸಿನಲ್ಲಿ ಸಂಭೋಗವನ್ನು ಬಿಟ್ಟು ಸ್ಪರ್ಶವನ್ನೇ ಪೂರ್ಣ ಸಮಾಗಮವಾಗಿ ಮಾಡಿಕೊಂಡು ಸಂತೋಷವಾಗಿದ್ದಾರೆ. ಮೇಲೆ ಹೇಳಿದ ಅಧ್ಯಯನದಲ್ಲಿ ಉತ್ತರಿಸಿದವರಲ್ಲಿ ತೊಂಬತ್ತು ದಾಟಿದವರೂ ಇದ್ದರು ಎಂಬುದನ್ನು ನೆನಪಿಸುತ್ತೇನೆ.

ಹೆರಿಗೆಯಾಗಿ ಮೂರು ತಿಂಗಳು. ಮಗು ದಿನವಿಡೀ ಎದೆಗೆ ಅಂಟಿಕೊಂಡಿರುತ್ತದೆ. ರಾತ್ರಿ ಗಂಡ ಮುಟ್ಟಿದರೆ ಅಳು ಬರುತ್ತದೆ. ನನಗೆ ಪ್ರೀತಿ ಕಡಿಮೆಯಾಗಿದೆಯೇ? (30 ವರ್ಷ)

ಪ್ರೀತಿ ಕಡಿಮೆಯಾಗಿಲ್ಲ, ಮೈಗೆ ಸ್ಪರ್ಶ ಸಾಕಾಗಿದೆ. ಎದೆಹಾಲು ಕುಡಿಸುವಾಗ ಈಸ್ಟ್ರೋಜನ್ ಇಳಿದು ಯೋನಿ ಒಣಗುವುದೂ ಸಹಜ, ಹೊಲಿಗೆ ಹಾಕಿದ ಜಾಗ ಬಿಗಿದಿರಬಹುದು. ಸದ್ಯಕ್ಕೆ ಎದೆಯನ್ನು ಬಿಟ್ಟುಬಿಡಲು ಅವರಿಗೆ ಹೇಳಿ. ಪಾದ, ತಲೆ, ಭುಜ ಒತ್ತಿಕೊಡಲಿ, ಅದರಾಚೆ ಏನನ್ನೂ ಬಯಸದೆ. ರಾತ್ರಿ ಮಗುವನ್ನು ಒಂದು ಹೊತ್ತು ಅವರೇ ನೋಡಿಕೊಂಡರೆ ಯಾವ ಸ್ಪರ್ಶಕ್ಕಿಂತಲೂ ಹೆಚ್ಚು ಉಪಕಾರ. ಆದರೆ ಅಳು ದಿನವಿಡೀ ಇದ್ದರೆ, ಮಗುವಿನ ಮೇಲೂ ಮನಸ್ಸಿಲ್ಲದಿದ್ದರೆ ಅದು ಬಾಣಂತಿ ಖಿನ್ನತೆ ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನನಗೆ 25. ಮದುವೆಯಾಗಿ ಎಂಟು ತಿಂಗಳಾದರೂ ಸಂಭೋಗ ಸಾಧ್ಯವಾಗಿಲ್ಲ. ಅವರು ಹತ್ತಿರ ಬಂದರೆ ಕಾಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅತ್ತೆ ಮನೆಯಲ್ಲಿ ‘ಇನ್ನೂ ಏನೂ ಇಲ್ಲವಾ’ ಎಂದು ಕೇಳುತ್ತಿದ್ದಾರೆ. — ಕಲಬುರಗಿ ಜಿಲ್ಲೆ

ನೀವು ಬೇಕೆಂದು ಮಾಡುತ್ತಿರುವುದಲ್ಲ ಎಂದು ನಿಮ್ಮ ಗಂಡನಿಗೆ ಈ ಉತ್ತರವನ್ನೇ ತೋರಿಸಿ. ನೋವಿನ ನಿರೀಕ್ಷೆಯಿಂದ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿ ಬಿಗಿಯುವ ಈ ಸ್ಥಿತಿಯನ್ನು ವಜೈನಿಸ್ಮಸ್ ಎನ್ನುತ್ತೇವೆ. ಬಲವಂತ ಮಾಡಿದಷ್ಟೂ ಬಿಗಿ ಹೆಚ್ಚುತ್ತದೆ. ಚಿಕಿತ್ಸೆಯಿಂದ ಬಹುಪಾಲು ಹೆಂಗಸರು ಚೇತರಿಸಿಕೊಳ್ಳುತ್ತಾರೆ. ಮೊದಲು ಸ್ತ್ರೀರೋಗ ತಜ್ಞೆಯನ್ನು ಕಂಡು ಸೋಂಕು, ಕನ್ಯಾಪೊರೆಯ ದೋಷ ಇತ್ಯಾದಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಪರೀಕ್ಷೆಯ ವೇಳೆ ‘ನಿಲ್ಲಿಸಿ’ ಎಂದರೆ ನಿಲ್ಲಿಸುವಂಥ ವೈದ್ಯರನ್ನೇ ಹುಡುಕಿ. ಶ್ರೋಣಿ ಸ್ನಾಯುಗಳ ಫಿಸಿಯೋಥೆರಪಿ, ಸಣ್ಣದರಿಂದ ಆರಂಭಿಸಿ ನಿಮ್ಮ ಕೈಯಿಂದಲೇ ಬಳಸುವ ಡೈಲೇಟರ್‌ಗಳು, ಸಮಾಲೋಚನೆ ಇವು ಚಿಕಿತ್ಸೆಯ ಭಾಗಗಳು.

ಮನೆಯಲ್ಲಿ ಮಾಡಬಹುದಾದ್ದು ಅಮೆರಿಕದ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸ. 1970ರ ತಮ್ಮ ಪುಸ್ತಕದಲ್ಲಿ ಅವರು ಅದನ್ನು ವಿವರಿಸಿದರು, ಇಂದಿಗೂ ಲೈಂಗಿಕ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಸಂಭೋಗವನ್ನು ಇಬ್ಬರೂ ಒಪ್ಪಿ ನಿಷೇಧಿಸಿಕೊಳ್ಳಬೇಕು. ಸ್ತನ, ಜನನಾಂಗ ಬಿಟ್ಟು ಉಳಿದ ಮೈಯನ್ನು ಒಬ್ಬರು ಸ್ವಲ್ಪ ಹೊತ್ತು ಮುಟ್ಟುವುದು, ನಂತರ ಇನ್ನೊಬ್ಬರು. ಚರ್ಮದ ಬಿಸಿ ತಂಪು, ನುಣುಪು ಒರಟು ಇವನ್ನಷ್ಟೇ ಗಮನಿಸುವುದು. ಕೆರಳಿಸುವ ಉದ್ದೇಶ ಇರಬಾರದು. ಅದು ನಿರಾತಂಕವಾದ ಮೇಲೆ ಎರಡನೆಯ ಹಂತದಲ್ಲಿ ಸ್ತನ, ಜನನಾಂಗಗಳ ಸ್ಪರ್ಶ, ನಿಮ್ಮ ಕೈ ಅವರ ಕೈಯ ಮೇಲೆ. ‘ಇವತ್ತು ಆಗಲೇಬೇಕು’ ಎಂಬ ಭಯ ಹೋದರೆ ಕಾಲು ಮುಚ್ಚಿಕೊಳ್ಳುವುದೂ ಹೋಗತೊಡಗುತ್ತದೆ. ಅತ್ತೆಯವರಿಗೆ ಉತ್ತರ ಕೊಡುವ ಕೆಲಸ ನಿಮ್ಮ ಗಂಡನದು, ನಿಮ್ಮದಲ್ಲ. ಬಲವಂತವೋ ಹೊಡೆತವೋ ನಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಜಿ-ಸ್ಪಾಟ್ ಎಲ್ಲಿದೆ? ಅದನ್ನು ಮುಟ್ಟಿದರೆ ಸಾಕು ಎಂದು ಕೇಳಿದ್ದೇನೆ. (45, ಪುರುಷ)

ಗುಂಡಿ ಒತ್ತಿದರೆ ದೀಪ ಹತ್ತುವಂಥ ಪ್ರತ್ಯೇಕ ಅಂಗವೇನೂ ಛೇದನದಲ್ಲಿ ಕಂಡುಬಂದಿಲ್ಲ. ಯೋನಿಯ ಮುಂಗೋಡೆಯಲ್ಲಿ, ಬೆರಳಿನ ಎರಡು ಗೆಣ್ಣು ಒಳಹೋಗುವಷ್ಟರಲ್ಲಿ, ಕೆಲವರಿಗೆ ಒತ್ತಿದರೆ ಹಿತವೆನಿಸುವ ಜಾಗವಿದೆ. ಚಂದ್ರನಾಡಿಯ ಒಳಭಾಗ, ಮೂತ್ರನಾಳ, ಯೋನಿಗೋಡೆ ಮೂರೂ ಅಲ್ಲಿ ಒತ್ತಾಗಿವೆ. ಕೆಲವರಿಗೆ ಅಲ್ಲಿ ಮೂತ್ರ ಬರುವಂತಾಗುವುದಷ್ಟೇ ಅನುಭವ. ಹೊರಗಿನ ಸ್ಪರ್ಶದಿಂದ ಅವಳು ಚೆನ್ನಾಗಿ ಉದ್ರೇಕಗೊಂಡ ಮೇಲೆ, ಅವಳು ಒಪ್ಪಿದರೆ, ಬೆರಳನ್ನು ಹೊಟ್ಟೆಯ ಕಡೆಗೆ ಬಾಗಿಸಿ ಮೆಲ್ಲಗೆ ಒತ್ತಿ ನೋಡಬಹುದು.

ಇದಕ್ಕಿಂತ ಉಪಯುಕ್ತವಾದ ಮಾಹಿತಿ 2021ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಸಮೀಕ್ಷೆಯಿಂದ ಬಂತು. ಸಂಭೋಗ ಹಿತವಾಗಲು ಅವರು ತಾವೇ ಕಂಡುಕೊಂಡ ಉಪಾಯಗಳಿವು. ಸೊಂಟವನ್ನು ಎತ್ತಿ ಇಳಿಸಿ ಕೋನ ಬದಲಿಸುವುದು. ಹೊರಗೆ ಒಳಗೆ ಚಲಿಸದೆ ಒಳಗಿಟ್ಟುಕೊಂಡೇ ಸೊಂಟ ಉಜ್ಜುವುದು. ಯೋನಿದ್ವಾರದ ಅಂಚಿನಲ್ಲಷ್ಟೇ ಬೆರಳು, ನಾಲಿಗೆ ಅಥವಾ ಶಿಶ್ನದ ತುದಿಯ ಸ್ಪರ್ಶ, ಇದನ್ನು ನೂರಕ್ಕೆ ಸುಮಾರು 84 ಮಂದಿ ಹೇಳಿದರು. ಸಂಭೋಗದ ಹೊತ್ತಿನಲ್ಲೇ ಅವಳ ಅಥವಾ ಅವನ ಬೆರಳು ಚಂದ್ರನಾಡಿಯ ಮೇಲಿರುವುದು, ಸುಮಾರು 70 ಮಂದಿ. ಆಳಕ್ಕಿಂತ ಅಂಚೇ ಮುಖ್ಯ ಎಂದಾಯಿತು. ಗಾತ್ರದ ಚಿಂತೆಯಿಂದ ನನಗೆ ಬರೆಯುವ ಎಲ್ಲ ಗಂಡಸರೂ ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ನನಗೆ ಏನು ಬೇಕೆಂದು ಗೊತ್ತಿದೆ. ಹೇಳಿದರೆ ಅವರು ‘ಇದೆಲ್ಲ ಎಲ್ಲಿ ಕಲಿತೆ?’ ಎಂದಾರು ಎಂಬ ಭಯ. ಹದಿಮೂರು ವರ್ಷದಿಂದ ನಟಿಸುತ್ತಿದ್ದೇನೆ. (38 ವರ್ಷ, ಶಿಕ್ಷಕಿ)

ನಿಮ್ಮ ಪತ್ರ ಓದಿ ಸಂಕಟವಾಯಿತು. ಇಂಥ ಪತ್ರ ಬರೆದವರು ನೀವೊಬ್ಬರೇ ಅಲ್ಲ. ಹೆಣ್ಣಿಗೆ ತನ್ನ ಸುಖ ಗೊತ್ತಿರುವುದೇ ಅಪರಾಧ ಎಂಬ ಭಾವನೆಯನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಹಳೆಯವರು ಇಷ್ಟು ಅಂಜಿರಲಿಲ್ಲ. ವಾತ್ಸ್ಯಾಯನನ ಕಾಮಸೂತ್ರ ಹೆಣ್ಣಿನ ಸುಖ ಹೇಗೆ, ಯಾವಾಗ ಎಂದು ಪೂರ್ವಾಚಾರ್ಯರ ಮತಗಳನ್ನು ಮುಂದಿಟ್ಟು ಚರ್ಚಿಸುತ್ತದೆ. ಕನ್ನಡದಲ್ಲೂ ಹನ್ನೊಂದನೆಯ ಶತಮಾನದಲ್ಲೇ ಚಂದ್ರರಾಜ ‘ಮದನತಿಲಕ’ ಎಂಬ ಕಾಮಶಾಸ್ತ್ರ ಗ್ರಂಥ ಬರೆದ. ಸಾವಿರ ವರ್ಷದ ಹಿಂದೆ ನಮ್ಮ ಭಾಷೆ ಆಡಿದ ಮಾತನ್ನು ಇಂದು ಗಂಡ ಹೆಂಡತಿ ಮುಚ್ಚಿದ ಕೋಣೆಯಲ್ಲಿ ಆಡಬಾರದೆ?

ಹಾಸಿಗೆಯಲ್ಲಿ ಶುರುಮಾಡಬೇಡಿ. ಸಂಜೆ ನಡೆದಾಡುವಾಗಲೋ, ಬಸ್ಸಿನಲ್ಲಿ ಅಕ್ಕಪಕ್ಕ ಕೂತಾಗಲೋ, ಮುಖ ಮುಖ ನೋಡದೆ ಆಡುವ ಮಾತು ಸಲೀಸು. ‘ಹದಿಮೂರು ವರ್ಷ ನಟಿಸಿದೆ’ ಎಂದು ಹೇಳುವ ಅಗತ್ಯವಿಲ್ಲ, ಅದು ಅವರನ್ನು ಕುಗ್ಗಿಸುತ್ತದೆ, ಕಲಿಸುವುದಿಲ್ಲ. ‘ಮೊನ್ನೆ ನೀವು ಬೆನ್ನು ಸವರಿದ್ದು ತುಂಬಾ ಹಿತವಾಗಿತ್ತು, ಇವತ್ತೂ ಹಾಗೇ ಮಾಡಿ’ ಎಂದು ಇರುವ ಒಳ್ಳೆಯದರಿಂದ ಆರಂಭಿಸಿ. ಅಂದಿನ ರಾತ್ರಿ ‘ಇನ್ನೂ ಮೆಲ್ಲಗೆ’, ‘ಸ್ವಲ್ಪ ಮೇಲೆ’, ‘ಹಾಂ, ಅಲ್ಲೇ ಇರಿ’ ಎಂಬ ಸಣ್ಣ ಮಾತು ಸಾಕು. ಎಲ್ಲಿ ಕಲಿತೆ ಎಂದರೆ ‘ನನ್ನ ಮೈ ನನಗೆ ಗೊತ್ತಿಲ್ಲದೆ ಇರುತ್ತದೆಯೇ?’ ಎನ್ನಿ, ಇಲ್ಲವೇ ಈ ಪುಟವನ್ನೇ ಮುಂದಿಡಿ. ಮತ್ತು ಇಂದಿನಿಂದ ನಟನೆ ನಿಲ್ಲಿಸಿ. ನೀವು ನಟಿಸಿದಷ್ಟು ಸಲವೂ ಅವರು ತಪ್ಪು ದಾರಿಯನ್ನೇ ಸರಿಯೆಂದು ಕಲಿಯುತ್ತಾರೆ.

ಆತಂಕಕ್ಕೆ ಮಾತ್ರೆ ಶುರುವಾದ ಮೇಲೆ ಎಷ್ಟು ಹೊತ್ತಾದರೂ ಸುಖದ ತುದಿ ಬರುವುದಿಲ್ಲ. ಮೊದಲು ಹೀಗಿರಲಿಲ್ಲ. (36 ವರ್ಷ, ಮಂಗಳೂರು)

ಸೆರ್ಟ್ರಾಲಿನ್, ಎಸ್ಸಿಟಲೋಪ್ರಾಂ ಗುಂಪಿನ ಮಾತ್ರೆಗಳಿಂದ ಇದು ಸಾಮಾನ್ಯ. ಸ್ಪರ್ಶದಲ್ಲಿ ದೋಷ ಹುಡುಕುತ್ತ ದಂಪತಿಗಳು ಜಗಳವಾಡುವುದು, ಕಾರಣ ಮಾತ್ರೆಯಾಗಿರುವುದು, ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಆತಂಕ ಮರುಕಳಿಸಬಹುದು. ಬರೆದುಕೊಟ್ಟ ಮನೋವೈದ್ಯರಿಗೆ ಇದೇ ಮಾತು ಹೇಳಿ. ಪ್ರಮಾಣ ಇಳಿಸುವುದು, ಬೇರೆ ಮಾತ್ರೆಗೆ ಬದಲಿಸುವುದು, ಇನ್ನೊಂದು ಮಾತ್ರೆ ಸೇರಿಸುವುದು ಹೀಗೆ ಅವರ ಬಳಿ ದಾರಿಗಳಿವೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆಯಿಂದಲೂ ಹೀಗಾಗಬಹುದಾದ್ದರಿಂದ ರಕ್ತ ಪರೀಕ್ಷೆಯೂ ಆಗಲಿ.

ಮುಂದೆ ಬರೆಯುವವರಲ್ಲಿ ಒಂದು ವಿನಂತಿ. ಹೆಸರು, ವಿಳಾಸ ಬೇಡ. ವಯಸ್ಸು, ಹೆರಿಗೆಗಳ ವಿವರ, ಮುಟ್ಟಿನ ಸ್ಥಿತಿ, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರು ತಪ್ಪದೆ ಬರೆಯಿರಿ. ನೋವು, ರಕ್ತಸ್ರಾವ, ಗಂಟು, ವಾಸನೆಯ ಬಿಳಿಸೆರಗು ಇದ್ದವರು ಮಾತ್ರ ಇಲ್ಲಿನ ಉತ್ತರಕ್ಕೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ.